ಬೀಗದಕ್ಕನ ಫೋನಿಗೆ ಒಂದು ಹಲ್ಲು ಕಮ್ಮಿ

ಬೀಗದಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಮದುವೆಯ ದಿನ ಸಹಿ ಹಾಕುವಾಗ ಅದನ್ನು ಕೊನೆಯ ಬಾರಿ ಬಳಸಿದ್ದಷ್ಟೆ. ಆಮೇಲಿಂದ ಇಡೀ ಪೇಟೆಗೆ ಅವಳು ಬೀಗದಕ್ಕ. ಔಷಧಿ ಅಂಗಡಿಗೂ ಚಪ್ಪಲಿ ರಿಪೇರಿಯವರ ಪೆಟ್ಟಿಗೆಗೂ ನಡುವೆ ಸಿಕ್ಕಿಕೊಂಡಂತಿದ್ದ ಗೂಡಂಗಡಿ ಅವಳದು. ಆರಡಿ ಉದ್ದ, ನಾಲ್ಕಡಿ ಅಗಲ. ಅವಳಪ್ಪ ಅಲ್ಲಿ ಇಪ್ಪತ್ತಾರು ವರ್ಷ ಕೀಲಿ ಮಾಡಿದರು. ಅವರ ಕಣ್ಣು ಮಂಜಾದ ಮೇಲೆ ಕೀಲಿಯ ಹಲ್ಲು ಉಜ್ಜುವ ಅರ ಮಗಳ ಕೈಗೆ ಬಂತು. ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಇನ್ನೂ ಹಲ್ಲು ಮೂಡದ ಖಾಲಿ ಕೀಲಿಗಳು. ಮೂಲೆಯಲ್ಲಿ ಒಂದು ಹಣ್ಣಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮೆತ್ತನೆಯ ಹೊದಿಕೆ, ಅದರ ಮೇಲೆ ಒಂದೂವರೆ ವರ್ಷದ ಮಗಳು. ಕೀಲಿ ಕತ್ತರಿಸುವ ಯಂತ್ರ ಓಡುವಾಗ ಮಾತ್ರ ಮಗುವಿಗೆ ಔಷಧಿ ಅಂಗಡಿಯ ಬೆಂಚಿಗೆ ಬಡ್ತಿ ಸಿಗುತ್ತಿತ್ತು.

ಅಪ್ಪನಿಂದ ಅವಳಿಗೆ ಅರದ ಜೊತೆ ಎರಡು ಅಭ್ಯಾಸಗಳೂ ಬಂದಿದ್ದವು. ಯಾವ ಕೀಲಿ ಕೈಗೆ ಬಂದರೂ ಅದರ ತಲೆಯ ಮೇಲೆ ಒತ್ತಿರುವ ನಂಬರನ್ನು ಮೊದಲು ಓದಬೇಕು. ಮತ್ತು ಬೀಗಕ್ಕೆ ಹಾಕಿ ತಿರುಗಿಸಿ ನೋಡುವವರೆಗೆ 'ಆಯ್ತು' ಅನ್ನಬಾರದು. ಎಂಥ ಬೀಗವಾದರೂ ಅವಳಿಗೆ ನಾಲ್ಕು ನಿಮಿಷ ಸಾಕು. ತನ್ನ ಜಡೆಯನ್ನು ಹಿಡಿದುಕೊಂಡ ಮಗಳ ಮುಷ್ಟಿಯನ್ನು ಬಿಡಿಸಲು ಮಾತ್ರ ಅರ್ಧ ಗಂಟೆ ಬೇಕಾಗುತ್ತಿತ್ತು.

ಆ ವಾರ ಅವಳ ತಲೆಯ ತುಂಬ ಇದ್ದದ್ದು ಒಂದು ಬೋರ್ಡು.

ಪೇಟೆಯ ಆಚೆ ತುದಿಯಲ್ಲಿ ಆರು ಕಟ್ಟಡಗಳ, ನೂರಾ ಎಂಬತ್ತು ಮನೆಗಳ ಅಪಾರ್ಟ್‌ಮೆಂಟು ಇತ್ತು. ಅದರ ಕಾರ್ಯದರ್ಶಿ ಒಬ್ಬ ನಿವೃತ್ತ ಹೆಡ್‌ಮಾಸ್ಟರು. ನಿವೃತ್ತಿಯಾಗಿ ಎಂಟು ವರ್ಷವಾಗಿದ್ದರೂ ಕಿಸೆಯಲ್ಲಿ ಕೆಂಪು ಪೆನ್ನು ಹಾಗೇ ಇತ್ತು. ಪ್ರತಿ ಕಟ್ಟಡದ ಲಿಫ್ಟಿನ ಪಕ್ಕದಲ್ಲೂ ನಲ್ಲಿಯವರು, ಕರೆಂಟಿನವರು, ಬೀಗದವರು ಎಂದು ಮೂರು ಸಾಲಿನ ಬೋರ್ಡು ಬರೆಸಬೇಕೆಂದು ಅವರು ತೀರ್ಮಾನಿಸಿದ್ದರು. ಕಾಗದ ಅಂಟಿಸುವ ಬೋರ್ಡಲ್ಲ, ಬಣ್ಣದಲ್ಲಿ ಬರೆಯುವ ಬೋರ್ಡು. ಒಮ್ಮೆ ಬರೆದರೆ ಹತ್ತು ವರ್ಷ ಅದನ್ನು ಅಳಿಸುವವರಿಲ್ಲ. ತನ್ನ ನಂಬರು ಅಲ್ಲಿಗೆ ಬಂತೆಂದರೆ ಬಿಸಿಲಿಗೆ ಕಾದ ತಗಡಿನ ಗೂಡಿನಲ್ಲಿ ಸಂಜೆಯವರೆಗೆ ಮಗುವನ್ನು ಬೇಯಿಸಬೇಕಿಲ್ಲ ಎಂಬುದು ಬೀಗದಕ್ಕನ ಆಸೆ. ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬಂದು, ಮಗುವನ್ನು ಮಲಗಿಸಿಕೊಂಡು ತಾನೂ ಒಂದು ಗಳಿಗೆ ಕಾಲು ಚಾಚಿ, ಕರೆ ಬಂದಾಗ ಎದ್ದು ಹೋದರೆ ಸಾಕು.

ಅದೇ ಸಾಲಿನ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಅವರು ಡ್ರಿಲ್ ಸಾಹೇಬರು. ಸ್ವಂತ ವ್ಯಾನು, ವ್ಯಾನಿನ ಮೇಲೆ ಮಿನುಗುವ ದೀಪ. ಯಾವ ಬೀಗ ಕಂಡರೂ ಮೊದಲು ತೂತು ಕೊರೆದು, ಆಮೇಲೆ ಹೊಸ ಬೀಗ ಮಾರುವುದು ಅವರ ವಿದ್ಯೆ.

ಹೆಡ್‌ಮಾಸ್ಟರು ಇಬ್ಬರಿಗೂ ಒಂದೊಂದು ಟೈಪು ಮಾಡಿದ ಹಾಳೆ ಕೊಟ್ಟರು. ಅದರಲ್ಲಿ ಏಳು ನಿಯಮಗಳು. ವಾರದಲ್ಲಿ ಮೂರು ಬಾರಿ ಫೋನು ಮಾಡಲಾಗುವುದು, ದಿನ ಮತ್ತು ಹೊತ್ತನ್ನು ಮೊದಲೇ ತಿಳಿಸಲಾಗುವುದಿಲ್ಲ. ಏಳನೇ ರಿಂಗಿನೊಳಗೆ ಫೋನನ್ನು ಎತ್ತತಕ್ಕದ್ದು. ಕರೆಗೊಂದು ಅಂಕ. ಶನಿವಾರ ಬೆಳಿಗ್ಗೆ ಪೇಂಟರು ಬರುವರು.

ಮಂಗಳವಾರ ಬೆಳಿಗ್ಗೆ ಹೆಡ್‌ಮಾಸ್ಟರು ಗೂಡಂಗಡಿಯ ಮುಂದೆ ನಿಂತು ನೋಟ್‌ಬುಕ್ಕು ತೆರೆದರು.

"ನಿನ್ನೆ ಮಧ್ಯಾಹ್ನ ಎರಡೂ ಹದಿನೈದಕ್ಕೆ ಮಾಡಿದ್ದೆ ಕಣಮ್ಮ. ನೀವು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದೀರಿ ಅಂತ ಒಬ್ಬಳು ಹೇಳಿದ್ಲು. ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೂ ಇಲ್ಲ ಮೇಷ್ಟ್ರೇ, ಊಟಕ್ಕೆ ಮನೆಗೆ ಬಂದು ಅಡುಗೆಮನೇಲಿದ್ದೆ."

"ಅಡುಗೆಮನೆ ವ್ಯಾಪ್ತಿಯಿಂದ ಹೊರಗಾ? ಸೊನ್ನೆ."

ಕೆಂಪು ಪೆನ್ನಿನಲ್ಲಿ ದುಂಡಗೆ ಬರೆದ ಆ ಸೊನ್ನೆಯನ್ನು ಬೀಗದಕ್ಕ ತಲೆಕೆಳಗಾಗಿಯೇ ಓದಿಕೊಂಡಳು. ಸೊನ್ನೆಯಾದ್ದರಿಂದ ಕಷ್ಟವಾಗಲಿಲ್ಲ.

ತಪ್ಪು ಫೋನಿನದು. ಆದರೆ ಹಾಗೆಂದು ಮನೆಯಲ್ಲಿ ಹೇಳುವಂತಿರಲಿಲ್ಲ. ಅವಳ ಹಳೆಯ ಫೋನು ತಿಂಗಳ ಹಿಂದೆ ಮಗಳ ಕೈಯಿಂದ ಬಕೆಟ್ಟಿಗೆ ಬಿದ್ದು ತೀರಿಕೊಂಡಿತ್ತು. ಆಗಲೇ ರಜೆಗೆಂದು ಬಂದಿದ್ದ ಮೈದುನ, ಹಡಗಿನಲ್ಲಿ ಇಂಜಿನ್ನು ನೋಡಿಕೊಳ್ಳುವವನು, ಯಾವುದೋ ಬಂದರಿನಲ್ಲಿ ಕೊಂಡಿದ್ದ ಹೊಚ್ಚ ಹೊಸ ಫೋನನ್ನು "ಅತ್ತಿಗೆ, ಇದು ನಿಮಗೇ" ಎಂದು ಕೊಟ್ಟು ಹೋಗಿದ್ದ. ನವಿಲಿನ ಕತ್ತಿನ ಬಣ್ಣದ ಬೆನ್ನು. ಓರೆ ಹಿಡಿದರೆ ನೀಲಿ, ನೇರ ಹಿಡಿದರೆ ಹಸಿರು. ಗೂಡಂಗಡಿಯಲ್ಲಿ ಅದು ಚೆನ್ನಾಗಿಯೇ ಮಾತಾಡುತ್ತಿತ್ತು. ಮನೆಯಿರುವ ಓಣಿಗೆ ತಿರುಗುತ್ತಿದ್ದಂತೆ ರೇಂಜಿನ ಒಂದೊಂದೇ ಕಡ್ಡಿ ಕಳಚಿ, ಹೊಸ್ತಿಲು ದಾಟುವಷ್ಟರಲ್ಲಿ ಮೂಕವಾಗುತ್ತಿತ್ತು.

"ನನ್ನ ಮಗ ತಂದ ಫೋನಿಗೇನಾಗಿದೆ?" ಅತ್ತೆ ಕೇಳಿದರು. "ಅದು ದೊಡ್ಡ ದೊಡ್ಡ ಊರು ನೋಡಿರೋ ಫೋನು. ಇಟ್ಟುಕೊಳ್ಳೋಕೆ ಬರಬೇಕು."

"ಎಲ್ಲಿಟ್ಟರೂ ರೇಂಜ್ ಬರಲ್ಲ ಅತ್ತೆ."

"ಎತ್ತರದಲ್ಲಿಟ್ಟಿದ್ದೀಯಾ?"

ಫ್ರಿಜ್ಜಿನ ಮೇಲಿಟ್ಟರು. ಬರಲಿಲ್ಲ. ಬೀರುವಿನ ಮೇಲಿಟ್ಟರು. ಬರಲಿಲ್ಲ. ಸ್ಕೂಲು ವ್ಯಾನು ಓಡಿಸಿ ಸುಸ್ತಾಗಿ ಬಂದಿದ್ದ ಗಂಡ ಸ್ಟೂಲು ಹತ್ತಿ, ಫೋನು ಹಿಡಿದ ಕೈಯನ್ನು ತಾರಸಿಗೆ ತಾಗಿಸಿ ಕೋಣೆಯಿಂದ ಕೋಣೆಗೆ ಹೋದ. ಹೋದ ಎಂದರೆ ಇಳಿದು, ಸ್ಟೂಲು ಸರಿಸಿ, ಮತ್ತೆ ಹತ್ತಿ. ಮಗುವಿಗೆ ಇದು ತನಗಾಗಿಯೇ ನಡೆಯುತ್ತಿರುವ ಆಟವೆನಿಸಿ, ಅಪ್ಪ ಇಳಿದಾಗಲೆಲ್ಲ ಚಪ್ಪಾಳೆ ತಟ್ಟಿತು. ಅತ್ತೆ, ಗಾಳಿಗೆ ಹಾಳಾಗದಿರಲಿ ಎಂದು, ಫೋನನ್ನು ಸ್ವಲ್ಪ ಹೊತ್ತು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿಯೂ ನೋಡಿದರು. ಅಲ್ಲಿಗೆ ಉಳಿದಿದ್ದ ಆಸೆಯೂ ಮುಚ್ಚಿತು.

"ಅಮ್ಮನ ಗುಂಡಿ ಫೋನಿಗೆ ನಿನ್ನ ಸಿಮ್ ಹಾಕು" ಎಂದ ಗಂಡ. ಹಾಕಿದಳು. ಬೀಗದಕ್ಕನ ಸಿಮ್ ಕಂಪನಿ ಅಂಥ ಹಳೆಯ ಫೋನುಗಳ ಜೊತೆ ಮಾತು ಬಿಟ್ಟು ವರ್ಷವಾಗಿತ್ತು. ಗಂಡನ ಫೋನು ವ್ಯಾನಿನ ಜೊತೆ ಹೋಗಲೇಬೇಕು, ಇಲ್ಲದಿದ್ದರೆ ಮೂವತ್ತು ಮಕ್ಕಳ ತಾಯಂದಿರು ಬೀದಿಗೆ ಬರುತ್ತಾರೆ. ಕಂಪನಿಯನ್ನೇ ಬದಲಿಸೋಣವೆಂದರೆ ಅದಕ್ಕೆ ವಾರ ಬೇಕು. ಶನಿವಾರಕ್ಕೆ ನಾಲ್ಕೇ ದಿನ.

ಕೊನೆಗೆ ಕಡ್ಡಿಯೊಂದು ಸಿಕ್ಕಿದ್ದು ಬಚ್ಚಲುಮನೆಯಲ್ಲಿ. ಗೋಡೆಯ ಮೇಲ್ತುದಿಯ ಗವಾಕ್ಷಿಯಲ್ಲಿ, ಸೋಪಿನ ಡಬ್ಬಿಗೆ ಒರಗಿಸಿ, ಮುಖ ಹೊರಕ್ಕೆ ಮಾಡಿ ನಿಲ್ಲಿಸಿದರೆ, ಒಂದೇ ಒಂದು ಕಡ್ಡಿ. ಅಂದಿನಿಂದ ಸಂಸಾರ ಬಚ್ಚಲ ಬಾಗಿಲಿಗೆ ಸ್ಥಳಾಂತರವಾಯಿತು. ಬೀಗದಕ್ಕ ತರಕಾರಿ ಹೆಚ್ಚಿದ್ದು ಅಲ್ಲಿ, ಮಗುವಿಗೆ ತುತ್ತು ತಿನ್ನಿಸಿದ್ದು ಅಲ್ಲಿ. ಎದುರು ಮನೆಯಾಕೆ ಸಕ್ಕರೆ ಕೇಳಲು ಬಂದವಳು ಇವರೆಲ್ಲ ಬಚ್ಚಲಿನ ಮುಂದೆ ಸಾಲಾಗಿ ಕೂತಿರುವುದನ್ನು ಕಂಡು, "ಯಾರಾದರೂ ಒಳಗೆ ಸಿಕ್ಕಿಹಾಕಿಕೊಂಡಿದ್ದಾರಾ?" ಎಂದು ಪಿಸುಮಾತಿನಲ್ಲಿ ಕೇಳಿದಳು.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಎರಡನೆಯ ಕರೆ ಬಂತು. ಆ ಹೊತ್ತಿನಲ್ಲಿ ಬಚ್ಚಲುಮನೆಯಲ್ಲಿದ್ದವರು ಅತ್ತೆ.

ಬೀಗದಕ್ಕ ಬಾಗಿಲು ಬಡಿದಳು. "ಅತ್ತೆ, ಫೋನು! ಫೋನು!"

"ಸೋಪು ಹಚ್ಚಿಕೊಂಡಿದ್ದೀನಿ ಕಣೇ!"

"ನೀವೇ ಎತ್ತಿ ಅತ್ತೆ, ದಮ್ಮಯ್ಯ! ಐದು ರಿಂಗಾಯ್ತು!"

ಆರನೇ ರಿಂಗಿಗೆ ಅತ್ತೆ ಎತ್ತಿದರು. ಓಣಿಗೆಲ್ಲ ಕೇಳುವ ಹಾಗೆ ಅವರ ದನಿ ಬಂತು: "ಯಾರ್ರೀ ಅದು? ನಾಚಿಕೆ ಆಗಲ್ವಾ? ಹೆಂಗಸರು ಸ್ನಾನ ಮಾಡೋ ಹೊತ್ತಲ್ಲಿ ಫೋನು ಮಾಡ್ತೀರಲ್ಲ! ನಿಮ್ಮನೇಲಿ ಅಕ್ಕತಂಗಿ ಯಾರೂ ಇಲ್ವಾ?"

ಆಚೆಯಿಂದ ಮೂವತ್ತೈದು ವರ್ಷ ಪಾಠ ಹೇಳಿದ ಗಂಟಲು ಒಮ್ಮೆ ಕೆಮ್ಮಿ, ಕರೆಯನ್ನು ಕತ್ತರಿಸಿತು.

ಹತ್ತು ಗಂಟೆಗೆ ಹೆಡ್‌ಮಾಸ್ಟರು ಗೂಡಂಗಡಿಗೆ ಬಂದರು. ಬೀಗದಕ್ಕನ ಮುಖವನ್ನು ನೋಡಲಿಲ್ಲ; ಗೋಡೆಯ ಮೇಲಿನ ಖಾಲಿ ಕೀಲಿಗಳನ್ನು ನೋಡುತ್ತ ಹೇಳಿದರು: "ಫೋನು ಎತ್ತಲಾಯಿತು. ಉತ್ತರ ಅಸಮರ್ಪಕ. ಅರ್ಧ ಅಂಕ."

ಗುರುವಾರ ಮಧ್ಯಾಹ್ನ ಬೀಗದಕ್ಕ ಮಗುವನ್ನು ಸೊಂಟಕ್ಕೇರಿಸಿ ಫೋನಂಗಡಿಗೆ ಹೋದಳು. ಅಂಗಡಿಯವನನ್ನು ಎಲ್ಲರೂ ಗ್ಲಾಸಣ್ಣ ಅನ್ನುತ್ತಿದ್ದರು, ಏಕೆಂದರೆ ಯಾರು ಏನನ್ನೇ ಕೊಳ್ಳಲು ಬರಲಿ, ಅದರ ಮೇಲೊಂದು ರಕ್ಷಣೆಯ ಗಾಜು ಅಂಟಿಸದೆ ಅವನು ಕಳಿಸುತ್ತಿರಲಿಲ್ಲ. ತನ್ನ ಕ್ಯಾಲ್ಕುಲೇಟರಿಗೂ ಅಂಟಿಸಿಕೊಂಡಿದ್ದ.

ನವಿಲು ಫೋನನ್ನು ಹಿಂದೆಮುಂದೆ ನೋಡಿ ಗ್ಲಾಸಣ್ಣ ನಾಲಗೆ ಲೊಚಗುಟ್ಟಿದ. "ಹೊರಗಿನ ಮಾಲು ಅಕ್ಕ. ನಮ್ಮ ಕಡೆ ಬ್ಯಾಂಡ್ ಪೂರ್ತಿ ಇಲ್ಲ ಇದರಲ್ಲಿ."

"ಬ್ಯಾಂಡ್ ಅಂದ್ರೆ ಏನಪ್ಪ? ನನಗೆ ಅರ್ಥ ಆಗೋ ಹಾಗೆ ಹೇಳು."

"ಟವರ್‌ನಿಂದ ಬರೋ ಸಿಗ್ನಲ್ ಎಲ್ಲ ಒಂದೇ ಅಳತೇದಲ್ಲ ಅಕ್ಕ. ಒಂದೊಂದು ಅಳತೆಗೆ ಒಂದೊಂದು ನಂಬರು. ಕೆಲವು ಜೋರಾಗಿ ಓಡ್ತವೆ, ಆದ್ರೆ ಗೋಡೆ ಕಂಡ್ರೆ ಮುಗ್ಗರಿಸ್ತವೆ. ಕೆಲವು ನಿಧಾನ, ಆದ್ರೆ ಓಣಿ ಸಂದಿ, ಗೋಡೆ, ಅಡುಗೆಮನೆ, ಎಲ್ಲ ಕಡೆ ನುಗ್ತವೆ. ಆ ನುಗ್ಗೋ ನಂಬರು ನಿಮ್ಮ ಫೋನಿನಲ್ಲಿಲ್ಲ."

ಬೀಗದಕ್ಕ ಫೋನನ್ನು ಕೀಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಅಂದ್ರೆ ಹಲ್ಲು. ಟವರು ಬೀಗ, ಫೋನು ಕೀಲಿ. ಇದಕ್ಕೆ ಒಂದು ಹಲ್ಲು ಕಮ್ಮಿ."

"ಅದೇ ಅಕ್ಕ! ನಾನು ಹತ್ತು ವರ್ಷದಿಂದ ಹೇಳೋಕೆ ಒದ್ದಾಡ್ತಿದ್ದೆ, ನೀವು ಒಂದೇ ಮಾತಲ್ಲಿ ಹೇಳಿಬಿಟ್ರಿ."

"ಯಾವ ಹಲ್ಲು?"

"ಅದು ಗೊತ್ತಿಲ್ಲ. ನೀವು ಇದನ್ನ ತಗೊಳ್ಳಿ, ನಾಲ್ಕು ಕ್ಯಾಮೆರಾ ಇದೆ."

"ನಾಲ್ಕು ಕ್ಯಾಮೆರಾದಲ್ಲಿ ನನ್ನ ಒಂದು ಮುಖ ನೋಡಿ ಏನು ಮಾಡಲಿ? ನಮ್ಮನೇಲಿ ರಿಂಗ್ ಆಗತ್ತಾ?"

"ಇಲ್ಲಿ ಆಗತ್ತೆ."

"ಇಲ್ಲಿ ಇದೂ ಆಗತ್ತೆ" ಎಂದು ಅವಳು ನವಿಲು ಫೋನು ತೋರಿಸಿದಳು. "ಹಾಕಿ ನೋಡದೆ ನಾನು ಕೀಲಿ ಮಾರಲ್ಲ, ಕೀಲಿ ಕೊಳ್ಳೋದೂ ಇಲ್ಲ. ನಡಿ ಮನೆಗೆ."

ಗ್ಲಾಸಣ್ಣನ ಶಟರು ಎರಡು ಬಾರಿ ಕಚ್ಚಿಕೊಂಡಾಗ ಬಿಡಿಸಿಕೊಟ್ಟವಳು ಅವಳೇ. ಅವನು ಬೇರೆ ಮಾತಾಡದೆ ಐದು ಫೋನುಗಳನ್ನು ಚಹಾದ ಟ್ರೇಯಲ್ಲಿ ಜೋಡಿಸಿಕೊಂಡ. ಮುಂದೆ ಮಗುವನ್ನೆತ್ತಿಕೊಂಡ ಬೀಗದಕ್ಕ, ಹಿಂದೆ ಎರಡೂ ಕೈಯಲ್ಲಿ ಟ್ರೇ ಹಿಡಿದು ಕೆಳಗೇ ನೋಡುತ್ತ ಬರುವ ಗ್ಲಾಸಣ್ಣ. ಓಣಿಯ ಮಕ್ಕಳೆಲ್ಲ ಹಿಂಬಾಲಿಸಿದವು. "ಯಾರಿಗೆ ಹೆಣ್ಣು ನೋಡೋಕೆ?" ಎಂದು ಮಹಡಿಯ ಮೇಲಿಂದ ಯಾರೋ ಕೂಗಿದರು.

ಮನೆಯಲ್ಲಿ ತಕರಾರೊಂದು ಎದ್ದಿತು. ಪರೀಕ್ಷೆಗೆ ಸಿಮ್ ಬೇಕು. ಬೀಗದಕ್ಕನ ಸಿಮ್ ನವಿಲು ಫೋನಿನೊಳಗಿದೆ, ನವಿಲು ಗವಾಕ್ಷಿಗೆ ಹೋಗಬೇಕು. ತೆಗೆದ ಗಳಿಗೆಯಲ್ಲೇ ಮೂರನೆಯ ಕರೆ ಬಂದುಬಿಟ್ಟರೆ?

"ನನ್ನದು ತೆಗೆಯೋಲ್ಲ" ಎಂದಳು ಬೀಗದಕ್ಕ. "ಅತ್ತೆ, ನಿಮ್ಮ ಸಿಮ್ ಸ್ವಲ್ಪ ಕೊಡಿ."

"ಹೊಸ ಫೋನು ಬೇಕು ಅಂತಾದ್ರೆ ಹೇಳು, ನನ್ನ ಮಗನ ಫೋನಿಗೆ ಯಾಕೆ ಕೆಟ್ಟ ಹೆಸರು" ಎನ್ನುತ್ತಲೇ ಅತ್ತೆ ಗುಂಡಿ ಫೋನಿನ ಬೆನ್ನು ಬಿಚ್ಚಿದರು.

ಮೊದಲ ಫೋನಿಗೆ ಹಾಕಿದರು. ನಾಲ್ಕು ಕಡ್ಡಿ! ಎರಡನೆಯದಕ್ಕೆ ಹಾಕಿದರು. ನಾಲ್ಕು. ಐದಕ್ಕೂ ನಾಲ್ಕು ನಾಲ್ಕು ಕಡ್ಡಿ. ಅಡುಗೆಮನೆಯಲ್ಲೂ, ಮಂಚದ ಕೆಳಗೂ. ಗ್ಲಾಸಣ್ಣ ಮಂಚದ ಕೆಳಗಿಂದಲೇ ತನ್ನ ಹೆಂಡತಿಗೆ ಫೋನು ಮಾಡಿ, "ಎಲ್ಲಿದ್ದೀರಿ?" ಎಂದವಳಿಗೆ "ಡ್ಯೂಟಿ ಮೇಲೆ" ಎಂದು ಕರೆ ಕತ್ತರಿಸಿದ. ಬೀಗದಕ್ಕ ಐದರಲ್ಲಿ ಕಡಿಮೆ ಬೆಲೆಯ, ದಪ್ಪನೆಯ, ಕಾರಿನ ಹಾರ್ನಿನಂತೆ ರಿಂಗಾಗುವ ಕಪ್ಪು ಫೋನನ್ನು ಆರಿಸಿದಳು. ಗ್ಲಾಸಣ್ಣ ಅದಕ್ಕೆ ಗಾಜು ಅಂಟಿಸಿ, ಟ್ರೇ ಹಿಡಿದು, ಬಂದಂತೆಯೇ ಹೋದ.

ಸಂಜೆ ಗಂಡ ಬಂದ ಮೇಲೆ, ಮೂರು ಜನ ಸುತ್ತ ಕೂತಿರುವಾಗ, ಬೀಗದಕ್ಕ ತನ್ನ ಸಿಮ್ಮನ್ನು ತೆಗೆದು ಕಪ್ಪು ಫೋನಿಗೆ ಹಾಕಿದಳು.

ಕಡ್ಡಿ ಇಲ್ಲ. ಒಂದೂ ಇಲ್ಲ.

"ಆಹಾ!" ಎಂದರು ಅತ್ತೆ. ಅಷ್ಟು ಸಂತೋಷ ಅವರಿಗೆ ಆ ವಾರದಲ್ಲಿ ಆಗಿರಲಿಲ್ಲ.

ಬೀಗದಕ್ಕನಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದದ್ದೇ ಕಿವಿಯವರೆಗೆ ಕೆಂಪಾದಳು. ಅತ್ತೆಯ ಸಿಮ್ ಬೇರೆ ಕಂಪನಿಯದು! ಕಂಪನಿ ಬೇರೆಯಾದರೆ ಟವರಿನ ಹಲ್ಲುಗಳೂ ಬೇರೆ. ಎರಡು ತಲೆಮಾರು ಬೀಗ ನೋಡಿದ ಮನೆತನದವಳು, ಪಕ್ಕದ ಮನೆ ಬಾಗಿಲಿಗೆ ಕೀಲಿ ಹಾಕಿ ನೋಡಿ, ತನ್ನ ಮನೆ ತೆರೆಯಿತೆಂದು ಕುಣಿದಿದ್ದಳು. ಅಪ್ಪನಿಗೆ ತಿಳಿದರೆ ಅರ ವಾಪಸು ಕೇಳುತ್ತಿದ್ದರು.

"ಯಾರಿಗೂ ಹೇಳಬೇಡಿ" ಎಂದಳು ಗಂಡನಿಗೆ.

"ಏನಂತ ಹೇಳಬಾರದು?" ಗಂಡನಿಗೆ ಇನ್ನೂ ಅರ್ಥವಾಗಿರಲಿಲ್ಲ.

ಕಪ್ಪು ಫೋನಿನಿಂದ ಸಿಮ್ ಕಿತ್ತು, ನವಿಲಿಗೆ ಹಾಕಿ, ನವಿಲನ್ನು ಮತ್ತೆ ಗವಾಕ್ಷಿಗೆ ಏರಿಸಿದರು.

ಶುಕ್ರವಾರ ಬೆಳಿಗ್ಗೆ ಮಗುವಿನ ಮುಖ ತೊಳೆಸುತ್ತಿರುವಾಗ ಬೀಗದಕ್ಕನಿಗೆ ಕಸುಬಿನ ಬುದ್ಧಿ ವಾಪಸು ಬಂತು. ಬೀಗ ಬಿಚ್ಚಿ ನೋಡಲಾಗದಿದ್ದರೆ ಏನು ಮಾಡುತ್ತೇವೆ? ಅದೇ ಬೀಗವನ್ನು ತೆರೆಯುವ ಕೀಲಿ ಯಾರ ಹತ್ತಿರವಿದೆಯೋ ಹುಡುಕಿ, ಅದರ ಹಲ್ಲು ಓದಿಕೊಳ್ಳುತ್ತೇವೆ. ಈ ಓಣಿಯಲ್ಲಿ ತನ್ನದೇ ಕಂಪನಿಯ ಸಿಮ್ ಇಟ್ಟುಕೊಂಡು ಮನೆಯೊಳಗಿಂದ ಮಾತಾಡುವವರು ಯಾರು?

ಯೋಚಿಸಬೇಕಾಗಿಯೇ ಇರಲಿಲ್ಲ. ಓಣಿಯ ಮೂಲೆಯ ಲಾಂಡ್ರಿಯವರು ಬೆಳಗಿನಿಂದ ಸಂಜೆಯವರೆಗೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಇಸ್ತ್ರಿ ಮಾಡುತ್ತಲೇ ತಮ್ಮ ಅಕ್ಕನ ಜೊತೆ ಜಗಳವಾಡುತ್ತಿದ್ದರು. ಅವರ ಕತ್ತು ಆ ಕಡೆಗೇ ವಾಲಿ ನಿಂತುಬಿಟ್ಟಿತ್ತು. ಅವರ ಸಿಮ್ಮೂ ಬೀಗದಕ್ಕನ ಕಂಪನಿಯದೇ, ಎರಡು ವರ್ಷದಲ್ಲಿ ಒಂದು ದಿನವೂ ಆ ಜಗಳಕ್ಕೆ ರೇಂಜಿನ ಕೊರತೆಯಾಗಿರಲಿಲ್ಲ.

ಬೀಗದಕ್ಕ ಮಗುವನ್ನೂ ಗ್ಲಾಸಣ್ಣನನ್ನೂ ಕರೆದುಕೊಂಡು ಲಾಂಡ್ರಿಗೆ ಹೋದಳು.

"ಅಣ್ಣ, ನಿಮ್ಮ ಫೋನು ಎರಡೇ ನಿಮಿಷ ಕೊಡ್ತೀರಾ?"

"ಮಾತಾಡ್ತಿದ್ದೀನಲ್ಲ ತಾಯಿ. ಅಕ್ಕಾ, ಇರು, ಆ ಪಾತ್ರೆ ವಿಷಯ ಇನ್ನೂ ಮುಗಿದಿಲ್ಲ, ಇಲ್ಲಿ ಯಾರೋ ಬಂದಿದ್ದಾರೆ."

"ಮಾತಾಡ್ತಾನೇ ಇರಿ, ಸ್ಪೀಕರಿಗೆ ಹಾಕಿ ಕೊಡಿ" ಎಂದ ಗ್ಲಾಸಣ್ಣ.

ಹಾಗೆಯೇ ಆಯಿತು. ಅಕ್ಕ ಸ್ಪೀಕರಿನಲ್ಲಿ ಪಾತ್ರೆಯ ವಿಷಯ ಹೇಳುತ್ತಲೇ ಇದ್ದಳು, ಲಾಂಡ್ರಿಯವರು ದೂರದಿಂದಲೇ "ಸುಳ್ಳು! ಶುದ್ಧ ಸುಳ್ಳು!" ಎಂದು ಕೂಗುತ್ತಿದ್ದರು, ಗ್ಲಾಸಣ್ಣ ರಿಪೇರಿಯವರಿಗೆ ಮಾತ್ರ ಗೊತ್ತಿರುವ ಯಾವುದೋ ಅಂಕಿಗಳನ್ನು ಒತ್ತಿದ. ಪರದೆಯ ಮೇಲೆ ಇರುವೆಯಂಥ ಅಕ್ಷರಗಳು ಸಾಲುಗಟ್ಟಿದವು.

"ಸಿಕ್ತು ಅಕ್ಕ! ಈಗ ಹಿಡಿದಿರೋ ಬ್ಯಾಂಡು ಇಪ್ಪತ್ತೆಂಟು!"

"ಬರೆದುಕೋ!" ಎಂದಳು ಬೀಗದಕ್ಕ.

"ಏನು ಬರೆದುಕೊಳ್ಳೋದು?" ಎಂದಳು ಸ್ಪೀಕರಿನೊಳಗಿನ ಅಕ್ಕ. "ಪಾತ್ರೆ ಲೆಕ್ಕವಾ? ಬರೆದುಕೊಳ್ಳಲಿ! ಇಪ್ಪತ್ತೆಂಟಲ್ಲ, ಇಪ್ಪತ್ತೊಂದು!"

ಉಳಿದದ್ದು ಅವಳ ನಿತ್ಯದ ಕೆಲಸ. ಗ್ಲಾಸಣ್ಣನ ಅಂಗಡಿಯಲ್ಲಿ ಕೂತು, ಕೀಲಿಯ ಹಲ್ಲು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಫೋನಿನ ಪೆಟ್ಟಿಗೆಗಳ ಬೆನ್ನನ್ನು ಓದಿದಳು. ಬ್ಯಾಂಡುಗಳ ಪಟ್ಟಿ ಅಲ್ಲೇ ಇತ್ತು, ಯಾರೂ ಓದದಿರಲಿ ಎಂಬಷ್ಟು ಸಣ್ಣಗೆ. ಮೈದುನ ಬಿಟ್ಟುಹೋಗಿದ್ದ ನವಿಲಿನ ಪೆಟ್ಟಿಗೆಯಲ್ಲಿ ಒಂದು, ಮೂರು, ಏಳು, ಎಂಟು. ನಿನ್ನೆಯ ಕಪ್ಪು ಫೋನಿನಲ್ಲಿ ಒಂದು, ಮೂರು, ಐದು, ಎಂಟು. ಎರಡರಲ್ಲೂ ಇಪ್ಪತ್ತೆಂಟಿಲ್ಲ. ಅತ್ತೆಯ ಕಂಪನಿ ಓಣಿಯೊಳಗೆ ಬರುವುದು ಎಂಟರ ಮೇಲೆ ಎಂದು ಗ್ಲಾಸಣ್ಣ ತನ್ನದೇ ಸಿಮ್ಮಿನಿಂದ ತಿಳಿದುಕೊಂಡ. ಅವನದೂ ಅದೇ ಕಂಪನಿ. ಅದಕ್ಕೇ ನಿನ್ನೆ ಐದೂ ಕುಣಿದಿದ್ದು.

"ಇದನ್ನೇ ಇನ್ನೊಂದು ಪೆಟ್ಟಿಗೆ ಕೊಡು" ಎಂದಳು ಕಪ್ಪು ಫೋನು ತೋರಿಸಿ.

"ಎಲ್ಲ ಒಂದೇ ಅಕ್ಕ. ಅದೇ ಹೆಸರು, ಅದೇ ಬಣ್ಣ."

"ನೋಡೋಕೆ ಒಂದೇ ಥರ ಇರೋ ಕೀಲಿ ನನ್ನ ಗೋಡೆ ಮೇಲೆ ನಾನೂರಿದೆ. ಕೊಡು."

ಒಟ್ಟು ಆರು ಪೆಟ್ಟಿಗೆಗಳಿದ್ದವು. ನಾಲ್ಕರಲ್ಲಿ ಮಾಡೆಲ್ ನಂಬರಿನ ಕೊನೆಯ ಅಕ್ಷರ ಒಂದು, ಎರಡರಲ್ಲಿ ಇನ್ನೊಂದು. ಆ ಎರಡರ ಬೆನ್ನಿನ ಮೇಲೆ ಪಟ್ಟಿ ಸ್ವಲ್ಪ ಉದ್ದವಾಗಿತ್ತು. ಒಂದು, ಮೂರು, ಐದು, ಎಂಟು, ಆಮೇಲೆ ಇಪ್ಪತ್ತೆಂಟು. ಗ್ಲಾಸಣ್ಣ ತನ್ನ ಅಂಗಡಿಯ ಮಾಲನ್ನು ಮೊದಲ ಬಾರಿಗೆ ನೋಡುವವನಂತೆ ನೋಡಿದ. ಹಳೆಯದನ್ನು ಹಿಂದಕ್ಕೆ ತೆಗೆದುಕೊಂಡು ಹೊಸದನ್ನು ಕೊಟ್ಟ. "ಗಾಜು ಇದಕ್ಕೂ ಅಂಟಿಸ್ತೀನಿ" ಎಂದ.

ಸಂಜೆ ಐದಕ್ಕೆ, ಗಂಡ ಬಂದ ಮೇಲೆ, ಮನೆಯಲ್ಲಿ ಬೀಗದಕ್ಕ ನವಿಲಿನಿಂದ ಸಿಮ್ ತೆಗೆದು ಚಾಪೆಯ ಮೇಲಿಟ್ಟು, ಕಪ್ಪು ಫೋನಿನ ತಟ್ಟೆಯನ್ನು ಹೊರಗೆಳೆದಳು. ಅಷ್ಟರಲ್ಲಿ ಅತ್ತೆಯ ಸಿಮ್ಮನ್ನು ನವಿಲಿಗೆ ಹಾಕಿದ್ದ ಗಂಡ, "ಅಮ್ಮಾ, ನೋಡು!" ಎಂದು ಕೂಗಿದ. ನವಿಲಿಗೆ ನಾಲ್ಕು ಕಡ್ಡಿ. ಅಡುಗೆಮನೆಯ ನಡುವೆಯೇ.

"ನಾನು ಹೇಳಿದ್ನೋ ಇಲ್ವೋ?" ಅತ್ತೆ ನವಿಲನ್ನು ಎದೆಗೊತ್ತಿಕೊಂಡರು. "ನನ್ನ ಮಗನ ಫೋನಿಗೆ ಏನೂ ಆಗಿಲ್ಲ. ನಿನ್ನ ಸಿಮ್ಮೇ ಸರಿಯಿಲ್ಲ ಕಣೇ. ಇನ್ಮೇಲೆ ಇದು ನನ್ನ ಹತ್ರಾನೇ ಇರಲಿ, ಬೆಲೆ ಗೊತ್ತಿರೋರ ಹತ್ರ."

ಬೀಗದಕ್ಕನಿಗೆ ನಗು ಬಂದರೂ ನುಂಗಿಕೊಂಡಳು. ಮೈದುನ ಕೊಟ್ಟ ಫೋನು ಬೇಡವೆಂದು ಮನೆಯಲ್ಲಿ ಹೇಗೆ ಹೇಳುವುದೆಂದು ವಾರವಿಡೀ ಒದ್ದಾಡಿದ್ದಳು, ಅದು ಅತ್ತೆಯ ಬಾಯಿಂದಲೇ ಬಗೆಹರಿದಿತ್ತು. "ಆಯ್ತು ಅತ್ತೆ, ನೀವೇ ಇಟ್ಕೊಳ್ಳಿ" ಎಂದು ಚಾಪೆಯತ್ತ ಕೈ ಚಾಚಿದಳು.

ಸಿಮ್ ಇರಲಿಲ್ಲ.

ಮಗು ಇತ್ತು. ಬಾಯಿ ಮುಚ್ಚಿಕೊಂಡು, ಬಹಳ ಸಾಧುವಾಗಿ, ತಾಯಿಯನ್ನೇ ನೋಡುತ್ತ. ಎಡಗೆನ್ನೆ ಒಂಚೂರು ಉಬ್ಬಿತ್ತು.

ಗಂಡ ಕಿರುಚಲು ಬಾಯಿ ತೆರೆದ. ಬೀಗದಕ್ಕ ಕೈಯೆತ್ತಿ ತಡೆದಳು. ಹೆದರಿಸಿದರೆ ನುಂಗುತ್ತದೆ. ದನಿಯನ್ನು ಬೆಣ್ಣೆ ಮಾಡಿಕೊಂಡಳು. ಮಗುವನ್ನು ತೊಡೆಯ ಮೇಲೆ ಮುಂದಕ್ಕೆ ಬಾಗಿಸಿ ಕೂರಿಸಿಕೊಂಡು, ಡಬ್ಬಿಯಿಂದ ಬಿಸ್ಕತ್ತೊಂದನ್ನು ತೆಗೆದು, ಅದರ ಮೂಗಿನ ಮುಂದೆ ಹಿಡಿದಳು. "ಆ... ಯಾರಿಗೆ ಇದು? ಅಮ್ಮನ ಬಂಗಾರಿಗಾ? ಆ ಮಾಡು, ದೊಡ್ಡ ಆ..."

ಮಗು ಕೆನ್ನೆಯನ್ನೂ ಬಿಸ್ಕತ್ತನ್ನೂ ತೂಗಿ ನೋಡಿತು. ಬಿಸ್ಕತ್ತು ಗೆದ್ದಿತು. "ಆ" ಎಂದಾಗ ತಾಯಿಯ ಕಿರುಬೆರಳು ಕೆನ್ನೆಯ ಹಿಂದಿನಿಂದ ಸರ್ರನೆ ಹೋಗಿ, ಜೊಲ್ಲಿನ ಜೊತೆ ಸಿಮ್ಮನ್ನು ಹೊರಗೆ ಜಾರಿಸಿತು. ಅಷ್ಟು ಸಣ್ಣ ಬೀಗವನ್ನು ಅವಳು ಹಿಂದೆ ತೆರೆದಿರಲಿಲ್ಲ. ಮಗುವನ್ನು ಎರಡು ಸಲ ಮುದ್ದಿಸಿ, ಒಂದು ಸಲ ಗದರಿಸಿ, ಸಿಮ್ಮನ್ನು ಸೆರಗಿನಲ್ಲಿ ಒರೆಸಿ, ಊದಿ, ಮತ್ತೊಮ್ಮೆ ಒರೆಸಿ, ಕಪ್ಪು ಫೋನಿನೊಳಗೆ ತಳ್ಳಿದಳು.

ಒಂದು ಕಡ್ಡಿ. ಎರಡು. ಮೂರು.

ಮೂರನೆಯ ಕಡ್ಡಿ ಮೂಡುವುದಕ್ಕೂ ಫೋನು ಕಾರಿನ ಹಾರ್ನಿನಂತೆ ಕಿರುಚುವುದಕ್ಕೂ ಸರಿಹೋಯಿತು. ಮೂವರೂ ಕೂತಲ್ಲೇ ಹಾರಿದರು. ಮಗು ಚಪ್ಪಾಳೆ ತಟ್ಟಿತು.

"ಹಲೋ ಮೇಷ್ಟ್ರೇ!"

"ನಾನೇ ಅಂತ ಹೇಗೆ ಗೊತ್ತಾಯ್ತು?" ಹೆಡ್‌ಮಾಸ್ಟರ ದನಿಯಲ್ಲಿ ಅನುಮಾನ. "ಇರಲಿ. ಎರಡನೇ ರಿಂಗು. ಒಂದು ಅಂಕ. ಒಟ್ಟು ಒಂದೂವರೆ. ಡ್ರಿಲ್ ಸಾಹೇಬರು ಒಮ್ಮೆ ಎತ್ತಲಿಲ್ಲ, ಅವರದು ಎರಡು. ಹೀಗಾಗಿ, ತಾಯಿ, ಬೇಜಾರು ಮಾಡ್ಕೋಬೇಡಿ..."

ಬೀಗದಕ್ಕ ಮಗುವಿನ ಕಡೆ ನೋಡಿದಳು. ಮಗು ಬಿಸ್ಕತ್ತಿನ ಹಿಟ್ಟನ್ನು ಅವಳ ಮೊಣಕೈಗೆ ಮೆತ್ತುತ್ತಿತ್ತು. ತಗಡಿನ ಗೂಡು, ಮಧ್ಯಾಹ್ನದ ಬಿಸಿಲು ಕಣ್ಣ ಮುಂದೆ ಬಂತು.

"ಮೇಷ್ಟ್ರೇ, ಮರುಮೌಲ್ಯಮಾಪನ ಬೇಕು."

ಆ ಪದವನ್ನು ಅವರಿಗೆ ಯಾರಾದರೂ ಹೇಳಿ ಎಂಟು ವರ್ಷವಾಗಿತ್ತು.

"ಯಾವ ಪ್ರಶ್ನೆಗೆ?" ಎಂದರು, ದನಿಯೇ ಬೇರೆಯಾಗಿ.

"ಎರಡನೇದಕ್ಕೆ. ನಿಮ್ಮ ಹಾಳೇಲಿ 'ಏಳನೇ ರಿಂಗಿನೊಳಗೆ ಫೋನನ್ನು ಎತ್ತತಕ್ಕದ್ದು' ಅಂತಿದೆ. ಆರಕ್ಕೇ ಎತ್ತಿದ್ದಾರೆ. ಯಾರು ಎತ್ತಬೇಕು ಅಂತ ಬರೆದಿಲ್ಲ. ಸೋಪು ಹಚ್ಚಿಕೊಂಡಿರಬಾರದು ಅಂತಲೂ ಬರೆದಿಲ್ಲ."

ಹಾಳೆ ಮಗುಚುವ ಸದ್ದು ಬಂತು. ಕೆಮ್ಮು ಬಂತು. "ಹೂಂ. ನಿಯಮ ನಾನೇ ಬರೆದದ್ದು. ಅರ್ಧ ಅಂಕ ಕತ್ತರಿಸೋಕೆ ಆಧಾರ ಇಲ್ಲ. ಸಮ ಆಯ್ತು. ಎರಡು, ಎರಡು." ಮತ್ತೆ ಕೆಮ್ಮು. "ಸಮ ಆದ್ರೆ ಏನು ಅಂತ ನಿಯಮದಲ್ಲಿ ಬರೆಯೋದು ಮರೆತಿದ್ದೀನಿ. ಒಂದು ಮೌಖಿಕ ಪ್ರಶ್ನೆ ಕೇಳ್ತೀನಿ, ಇದನ್ನೇ ಅವರ ಕೊನೇ ಕರೇಲಿ ಅವರಿಗೂ ಸುಮ್ನೆ ಕೇಳಿದ್ದೆ. ನಮ್ಮ ಸಂಘದ ಬೀರುವಿನ ಕೀಲಿ ನಾಲ್ಕು ವರ್ಷದಿಂದ ಕಾಣೆ. ಏನು ಮಾಡ್ತೀರಿ? ಅವರು ಸೋಮವಾರ ಬಂದು ಕೊರೆದು ಹಾಕ್ತೀನಿ ಅಂದ್ರು."

"ಕೊರೆಯೋದು ಯಾಕೆ? ಬೀಗದ ಮುಖದ ಮೇಲೆ ನಂಬರು ಒತ್ತಿರ್ತಾರೆ, ಓದಿ ಹೇಳಿ. ಕೀಲಿ ಮಾಡಿಕೊಂಡೇ ಬರ್ತೀನಿ. ಮಗೂನೂ ಜೊತೆಗೆ ಬರತ್ತೆ, ಅದಕ್ಕೆ ನಿಯಮ ಇದೆಯಾ?"

"ಇಲ್ಲ" ಎಂದರು ಹೆಡ್‌ಮಾಸ್ಟರು. "ಬನ್ನಿ."

ಏಳು ಗಂಟೆಗೆ ಬೀರು ತೆರೆಯಿತು. ಒಳಗೆ ಸಂಘದ ಹಳೆಯ ಕಾಗದಗಳೂ, ಹೆಡ್‌ಮಾಸ್ಟರು ನಾಲ್ಕು ವರ್ಷದಿಂದ ಹುಡುಕುತ್ತಿದ್ದ ಛತ್ರಿಯೂ ಇದ್ದವು. ಅವರು ಛತ್ರಿಯನ್ನು ಒಳಗೇ ಬಿಡಿಸಿ ನೋಡಿ, ನೋಟ್‌ಬುಕ್ಕು ತೆರೆದು, ಬೀಗದಕ್ಕನ ಹೆಸರಿನ ಮುಂದೆ ಕೆಂಪಾಗಿ ಒಂದು ಸರಿ ಗುರುತು ಹಾಕಿದರು.

ಶನಿವಾರ ಮಧ್ಯಾಹ್ನದೊಳಗೆ ಪೇಂಟರು ಆರು ಲಿಫ್ಟುಗಳ ಪಕ್ಕದಲ್ಲೂ ಅವಳ ನಂಬರನ್ನು ಹಳದಿಯ ಮೇಲೆ ಕಪ್ಪಿನಲ್ಲಿ ಬರೆದು ಮುಗಿಸಿದರು. ಬೀಗದಕ್ಕ ಗೂಡಂಗಡಿಗೆ ಬೀಗ ಹಾಕಿ, ಮನೆಗೆ ಬಂದು, ಮಗುವನ್ನು ಮಲಗಿಸಿ, ಪಕ್ಕದಲ್ಲಿ ಕಾಲು ಚಾಚಿದಳು. ಹಾರ್ನು ಹೊಡೆಯಿತು. ಎದ್ದು ಕೂತಳು.

"ಒಂದನೇ ಕಟ್ಟಡ, ಮೂರನೇ ಮಹಡಿ. ಬೋರ್ಡಲ್ಲಿ ನಂಬರು ನೋಡಿದೆ. ಹೋಗತ್ತಾ ಅಂತ ಸುಮ್ನೆ ಮಾಡಿದೆ."

"ಹೋಗತ್ತೆ" ಎಂದು ಇಟ್ಟಳು. ಮತ್ತೆ ಹಾರ್ನು. ನಾಲ್ಕನೇ ಕಟ್ಟಡ, ಸುಮ್ನೆ. ಮತ್ತೆ ಹಾರ್ನು. ಎರಡನೇ ಕಟ್ಟಡದ ಅಜ್ಜ, ಬಣ್ಣ ಒಣಗುವ ಮೊದಲು ನಂಬರು ಸರಿಯಿದೆಯೋ ನೋಡೋಣ ಅಂತ. ಮೇಷ್ಟ್ರು ಪಾಠ ಹೇಳಿದ್ದು ವ್ಯರ್ಥವಾಗಿರಲಿಲ್ಲ. ಅಪಾರ್ಟ್‌ಮೆಂಟಿನ ಮನೆ ಮನೆಯೂ ಅವಳನ್ನು ಪರೀಕ್ಷಿಸುತ್ತಿತ್ತು. ಮಗು ಎದ್ದು ಕೂತಿತು. ಅತ್ತೆ ಅಡುಗೆಮನೆಯಿಂದ, ನವಿಲಿನಲ್ಲಿ ಹಡಗಿನ ಮಗನ ಜೊತೆ ಮಾತಾಡುತ್ತಿದ್ದವರು, "ಸ್ವಲ್ಪ ಮೆಲ್ಲಗೆ ಕಣೇ, ಏನೂ ಕೇಳಿಸ್ತಿಲ್ಲ" ಎಂದು ಕೂಗಿದರು.

ಹದಿನಾಲ್ಕನೆಯ ಕರೆಯ ಹೊತ್ತಿಗೆ ಬೀಗದಕ್ಕ ಹಲೋ ಅನ್ನುವುದನ್ನೇ ಬಿಟ್ಟಿದ್ದಳು.

"ಪರೀಕ್ಷೆನಾ, ಬೀಗಾನಾ?"

"ಬೀಗ ಅಕ್ಕ" ಎಂದಿತು ಒಂದು ಹೆಣ್ಣು ದನಿ, ಅಳುವಿನ ಅಂಚಿನಲ್ಲಿ. "ಐದನೇ ಕಟ್ಟಡ. ಬಾಗಿಲು ಎಳೆದುಕೊಂಡಿತು, ಕೀಲಿ ಒಳಗಿದೆ, ಒಲೆ ಮೇಲೆ ಹಾಲಿಟ್ಟಿದ್ದೀನಿ."

ಬೀಗದಕ್ಕ ಆಗಲೇ ಮಗುವನ್ನು ಸೊಂಟಕ್ಕೇರಿಸಿಕೊಂಡು ಚಪ್ಪಲಿ ಹುಡುಕುತ್ತಿದ್ದಳು.